ಎಟಿವಿ ಊರ ರಸ್ತೆಗೆ ಬರಬಹುದಾ? ತೋಟದವರು, ಹೋಂಸ್ಟೇಯವರು, ಊರವರು ಎಲ್ಲರೂ ಹೇಳಿ

ಮೂಡಿಗೆರೆ ಬೆಳೆಗಾರ

ನಮ್ಮ ಗ್ರಾಮಸಭೆಯಲ್ಲಿ ಈ ಸಲ ಎಟಿವಿ ವಿಷಯಕ್ಕೆ ದೊಡ್ಡ ಗಲಾಟೆ ಆಯಿತು. ಅದೇ, ನಾಲ್ಕು ದಪ್ಪ ಟೈರು, ಬೈಕಿನ ಥರ ಹ್ಯಾಂಡಲ್ ಇರುವ ಗಾಡಿ. ಸುತ್ತಮುತ್ತಲಿನ ಹೋಂಸ್ಟೇ, ರೆಸಾರ್ಟುಗಳಲ್ಲಿ ಈಗ ಎಲ್ಲ ಕಡೆ ಬಂದಿದೆ. ಮೊದಲು ಅವರ ಜಾಗದೊಳಗೆ ಮಾತ್ರ ಓಡಿಸುತ್ತಿದ್ದರು. ಈಗ ವ್ಯೂ ಪಾಯಿಂಟ್ ತೋರಿಸುತ್ತೇವೆ ಅಂತ ಪ್ರವಾಸಿಗರನ್ನು ಊರ ಡಾಂಬರು ರಸ್ತೆಗೆ ಬಿಡುತ್ತಿದ್ದಾರೆ. ಬೆಂಗಳೂರಿನಿಂದ ಬಂದವರು, ಹಿಂದೆ ಒಮ್ಮೆಯೂ ಅದನ್ನು ಮುಟ್ಟದವರು, ತಿರುವಿನಲ್ಲಿ ರಸ್ತೆಯ ನಡುವೆಯೇ ಬರುತ್ತಾರೆ. ಊರವರ ಸಿಟ್ಟು ನ್ಯಾಯವಾದದ್ದೇ.

ಆದರೆ ಸಭೆಯಲ್ಲಿ ಮಾತು ಹೋಗಿ ಹೋಗಿ "ಒಂದೇ ಒಂದು ಎಟಿವಿಯೂ ರಸ್ತೆಯಲ್ಲಿ ಕಾಣಬಾರದು" ಅನ್ನುವಲ್ಲಿಗೆ ನಿಂತಿತು. ಇಲ್ಲಿ ನನ್ನ ತಕರಾರು. ನಮ್ಮ ತೋಟದಲ್ಲಿ ಎಟಿವಿಯನ್ನು ಕೆಲಸಕ್ಕೆ ಬಳಸುತ್ತೇವೆ. ಗೊಬ್ಬರದ ಚೀಲ, ಸ್ಪ್ರೇ ಪಂಪು, ಪೈಪು, ಕೊಯ್ಲಿನ ಸಮಯದಲ್ಲಿ ಕಾಫಿ ಹಣ್ಣಿನ ಮೂಟೆ. ಇಳಿಜಾರಿನಲ್ಲಿ ಜೀಪು ಹೋಗದ ದಾರಿಗಳಿವೆ. ಆಳು ಸಿಗುವುದು ಎಷ್ಟು ಕಷ್ಟ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ನಮ್ಮ ತೋಟ ಎರಡು ತುಂಡು, ನಡುವೆ ಪಂಚಾಯಿತಿ ರಸ್ತೆ. ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಹೋಗಬೇಕಾದರೆ ರಸ್ತೆ ಮೇಲೆ ಸ್ವಲ್ಪ ದೂರ ಹೋಗಲೇಬೇಕು. ಇದೇ ರಸ್ತೆಯಲ್ಲಿ ಟಿಲ್ಲರ್‌ಗೆ ಟ್ರೈಲರ್ ಕಟ್ಟಿಕೊಂಡು ಹತ್ತು ಜನ ಕೂತು ಹೋಗುತ್ತಾರೆ, ಅದನ್ನು ಯಾರೂ ಕೇಳುವುದಿಲ್ಲ.

ನನ್ನ ನಿಲುವು ಇಷ್ಟು: ಬೇಸಾಯದ ಕೆಲಸಕ್ಕೆ ಅವಕಾಶ ಇರಬೇಕು, ಮೋಜಿಗೆ ಬೇಡ. ಇದು ಕಾನೂನಿನಲ್ಲಿ ಆಗುತ್ತದಾ? ಬೇರೆ ದೇಶಗಳಲ್ಲಿ ಏನು ಮಾಡಿದ್ದಾರೆ? ತಿಳಿದವರು ಹೇಳಿ.

ಹಾಸನ ಗ್ಯಾರೇಜ್

ಕಾನೂನು ಆಮೇಲೆ. ಮೊದಲು ಗಾಡಿಯ ಬಗ್ಗೆ ಮಾತಾಡೋಣ, ಏಕೆಂದರೆ ಈ ಚರ್ಚೆಯಲ್ಲಿ ಯಾರೂ ಅದನ್ನು ಹೇಳುವುದೇ ಇಲ್ಲ.

ಯಾವುದೇ ಗಾಡಿ ತಿರುಗುವಾಗ ಹೊರಗಿನ ಚಕ್ರ ಜಾಸ್ತಿ ದೂರ ಸುತ್ತಬೇಕು, ಒಳಗಿನ ಚಕ್ರ ಕಡಿಮೆ. ಕಾರಿನಲ್ಲಿ ಇದನ್ನು ನೋಡಿಕೊಳ್ಳುವುದು ಡಿಫರೆನ್ಷಿಯಲ್. ಎಷ್ಟೋ ಎಟಿವಿಗಳಲ್ಲಿ, ಅದರಲ್ಲೂ ರೆಸಾರ್ಟಿನಲ್ಲಿ ಕಾಣುವ ಸಣ್ಣ ಗಾಡಿಗಳಲ್ಲಿ, ಹಿಂದುಗಡೆ ಅದು ಇರುವುದಿಲ್ಲ. ಎರಡೂ ಚಕ್ರಗಳನ್ನು ಒಂದೇ ಆಕ್ಸಲ್‌ಗೆ, ಅಂದರೆ ಚಕ್ರ ಜೋಡಿಸುವ ಅಚ್ಚಿಗೆ, ಬಿಗಿದಿರುತ್ತಾರೆ. ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಕೆಸರು, ಹುಲ್ಲು, ಸಡಿಲ ಮಣ್ಣು ಇದ್ದರೆ ಒಂದು ಚಕ್ರ ಸ್ವಲ್ಪ ಜಾರಿಕೊಂಡು ಹೊಂದಿಕೊಳ್ಳುತ್ತದೆ. ಡಾಂಬರಿನ ಮೇಲೆ ಟೈರು ಜಾರುವುದಿಲ್ಲ, ಕಚ್ಚಿ ಹಿಡಿಯುತ್ತದೆ. ಆಗ ನೀವು ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರ ಹೋಗಲು ನೋಡುತ್ತದೆ. ಓಡಿಸುವವನು ಗಾಬರಿಯಾಗಿ ಇನ್ನೂ ಜೋರಾಗಿ ತಿರುಗಿಸುತ್ತಾನೆ. ಮುಂದಿನ ಟೈರಿಗೆ ತಟ್ಟನೆ ಹಿಡಿತ ಸಿಗುತ್ತದೆ, ಗಾಡಿ ಪಲ್ಟಿ.

ಇನ್ನು ಟೈರಿನ ಗಾಳಿ. ಕಾರಿಗೆ ಮೂವತ್ತರ ಮೇಲೆ ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕುತ್ತೇವೆ. ಎಟಿವಿಗೆ ಐದಾರು ಇದ್ದರೆ ಹೆಚ್ಚು. ಕಲ್ಲಿನ ಮೇಲೆ ಹತ್ತಿ ಇಳಿಯಲು ಅದು ಬೇಕು. ಟಾರಿನ ಮೇಲೆ ವೇಗ ಹೆಚ್ಚಿಸಿದರೆ ಅದೇ ಮೆತ್ತನೆ ಟೈರು ಅಲ್ಲಾಡಿಸುತ್ತದೆ. ಗಾಡಿಯ ಅಗಲ ಕಡಿಮೆ, ನಿಲುವು ಎತ್ತರ.

ಬೈಕ್ ಓಡಿಸಿ ಅಭ್ಯಾಸ ಇದ್ದವರಿಗೇ ಅಪಾಯ ಜಾಸ್ತಿ. ಗಾಡಿ ವಾಲಿದ ಹಾಗೆ ಅನ್ನಿಸಿದ ಕೂಡಲೇ ಬೈಕಿನವನು ಕಾಲು ಕೆಳಗೆ ಇಡುತ್ತಾನೆ. ಎಟಿವಿಯಲ್ಲಿ ಹಾಗೆ ಇಟ್ಟರೆ ಅವನದೇ ಹಿಂದಿನ ಚಕ್ರ ಕಾಲಿನ ಮೇಲೆ ಹತ್ತುತ್ತದೆ.

ಇಂಡಿಕೇಟರ್, ಕನ್ನಡಿ, ನಂಬರ್ ಪ್ಲೇಟ್ ಹಾಕಿ ರಸ್ತೆಗೆ ಬಿಡಿ ಅನ್ನುವವರು ಇದಕ್ಕೆ ಉತ್ತರ ಹೇಳಬೇಕು. ಕನ್ನಡಿ ಹಾಕಿದರೆ ಆಕ್ಸಲ್ ಬದಲಾಗುವುದಿಲ್ಲ. ದೊಡ್ಡ ಕಂಪನಿಗಳ ಗಾಡಿ ಮೇಲೆ ಅವರೇ ಎಚ್ಚರಿಕೆಯ ಸ್ಟಿಕರ್ ಅಂಟಿಸಿರುತ್ತಾರೆ, ಸಾರ್ವಜನಿಕ ರಸ್ತೆಯಲ್ಲಿ ಓಡಿಸಬೇಡಿ ಅಂತ. ಮಾಡಿದವರೇ ಬೇಡ ಅಂದಮೇಲೆ ನಾವು ಯಾಕೆ ವಾದ ಮಾಡಬೇಕು?

ಗಿರಿ ಹೋಂಸ್ಟೇ

ಚಿಕ್ಕಮಗಳೂರು ಕಡೆ ಹೋಂಸ್ಟೇ ನಡೆಸುತ್ತೇನೆ. ಇಲ್ಲಿ ಎಲ್ಲರೂ ನಮ್ಮನ್ನು ಬೈಯುವುದಕ್ಕೇ ಬರುತ್ತಾರೆ ಅಂತ ಗೊತ್ತು. ಆದರೂ ನಮ್ಮ ಕಡೆಯ ಮಾತು ಕೇಳಿ.

ಕಾಫಿ ರೇಟು ಬಿದ್ದ ವರ್ಷಗಳಲ್ಲಿ ಈ ಭಾಗದ ಎಷ್ಟೋ ಮನೆಗಳನ್ನು ಉಳಿಸಿದ್ದು ಹೋಂಸ್ಟೇ. ಊರ ಹುಡುಗರು ಬೆಂಗಳೂರಿಗೆ ಹೋಗದೆ ಇಲ್ಲೇ ಗೈಡ್ ಆಗಿ, ಡ್ರೈವರ್ ಆಗಿ ದುಡಿಯುತ್ತಿದ್ದಾರೆ. ಬರುವ ಅತಿಥಿಗಳು ಎಟಿವಿ ಇದೆಯಾ ಅಂತ ಫೋನಿನಲ್ಲೇ ಕೇಳುತ್ತಾರೆ. ಇಲ್ಲ ಅಂದರೆ ಪಕ್ಕದವರ ಹತ್ತಿರ ಹೋಗುತ್ತಾರೆ.

ನಾವು ವೇಗದ ಮಿತಿ ಕಟ್ಟಿದ್ದೇವೆ. ಹೆಲ್ಮೆಟ್ ಕೊಡುತ್ತೇವೆ. ಮುಂದೊಬ್ಬ ಹುಡುಗ, ಹಿಂದೊಬ್ಬ ಹುಡುಗ ಜೊತೆಗೆ ಹೋಗುತ್ತಾರೆ. ಇದೇ ರಸ್ತೆಯಲ್ಲಿ ಬೈಕಿನ ಗುಂಪುಗಳು ಎಷ್ಟು ವೇಗದಲ್ಲಿ ಹೋಗುತ್ತವೆ ನೋಡಿದ್ದೀರಾ? ಅವರಿಗೆ ನಂಬರ್ ಪ್ಲೇಟ್ ಇದೆ ಅಂತ ಅವರು ಸರಿ, ನಾವು ನಿಧಾನ ಹೋದರೂ ತಪ್ಪಾ? ನಿಯಮ ಮಾಡಲಿ, ತೆರಿಗೆ ಹಾಕಲಿ, ಕಟ್ಟುತ್ತೇವೆ. ಅಮೆರಿಕದಲ್ಲಿ ಎಷ್ಟೋ ರಾಜ್ಯಗಳಲ್ಲಿ ರಸ್ತೆಗೆ ಬಿಟ್ಟಿದ್ದಾರೆ. ನಮ್ಮಲ್ಲಿ ಮಾತ್ರ ಎಲ್ಲದಕ್ಕೂ ನಿಷೇಧ.

ಸಕಲೇಶಪುರ ವಕೀಲೆ

ಕಾನೂನು ಕೇಳಿದ್ದೀರಿ, ಅದನ್ನಷ್ಟೇ ಹೇಳುತ್ತೇನೆ.

1988ರ ಮೋಟಾರು ವಾಹನ ಕಾಯ್ದೆಯಲ್ಲಿ ಕಾರ್ಖಾನೆ ಅಥವಾ ಬೇಲಿ ಹಾಕಿದ ಆವರಣದೊಳಗೆ ಮಾತ್ರ ಬಳಸಲು ಮಾಡಿದ ವಿಶೇಷ ಬಗೆಯ ವಾಹನವನ್ನು "ಮೋಟಾರು ವಾಹನ"ದ ಲೆಕ್ಕದಿಂದ ಹೊರಗಿಟ್ಟಿದ್ದಾರೆ. ರೆಸಾರ್ಟಿನವರು ಎಟಿವಿಗೆ ರಿಜಿಸ್ಟ್ರೇಷನ್ ಬೇಡ ಅನ್ನುವುದು ಈ ಆಸರೆಯ ಮೇಲೆ. ಒಳಗೆ ಇರುವತನಕ ಆ ವಾದ ನಡೆಯಬಹುದು. ಗೇಟು ದಾಟಿ ಹೊರಗೆ ಬಂದ ಕೂಡಲೇ ಆ ಆಸರೆ ಕಳಚಿ ಬೀಳುತ್ತದೆ. 39ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದ ಮೋಟಾರು ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವ ಹಾಗಿಲ್ಲ. ಎಷ್ಟು ದೂರ ಅನ್ನುವ ಪ್ರಶ್ನೆಯೇ ಇಲ್ಲ. ಹತ್ತು ಮೀಟರ್ ಆದರೂ ಅಷ್ಟೇ, ರಸ್ತೆ ದಾಟುವುದಾದರೂ ಅಷ್ಟೇ. ಸಾರ್ವಜನಿಕರಿಗೆ ಓಡಾಡುವ ಹಕ್ಕಿರುವ ದಾರಿ ಯಾವುದಿದ್ದರೂ ಅದು ಸಾರ್ವಜನಿಕ ಸ್ಥಳ. ಮಣ್ಣಿನ ರಸ್ತೆ ಅಂತ ವಿನಾಯಿತಿ ಇಲ್ಲ.

ದಂಡದ ಮೊತ್ತ ದೊಡ್ಡದಲ್ಲ. ನೋಂದಣಿ ಇಲ್ಲದೆ ಓಡಿಸಿದರೆ ಮೊದಲ ಸಲ 2,000ದಿಂದ 5,000 ರೂಪಾಯಿ. ಜನ ಅದನ್ನು ನೋಡಿ ಹಗುರ ಮಾಡುತ್ತಾರೆ. ನಿಜವಾದ ಹೊರೆ ಇರುವುದು ಬೇರೆ ಕಡೆ. ನೋಂದಣಿ ಇಲ್ಲದ ಗಾಡಿಗೆ ಥರ್ಡ್ ಪಾರ್ಟಿ ವಿಮೆ, ಅಂದರೆ ಗಾಡಿಯಿಂದ ಬೇರೆಯವರಿಗೆ ಆದ ಹಾನಿ ತುಂಬಿಕೊಡುವ ವಿಮೆ, ಸಿಗುವುದಿಲ್ಲ. ಆ ಗಾಡಿ ಒಬ್ಬ ಕೂಲಿಯಾಳಿಗೆ ಗುದ್ದಿ ಅವನು ಸತ್ತರೆ, ಅಪಘಾತ ಪರಿಹಾರ ನ್ಯಾಯಮಂಡಳಿ ಅವನ ವಯಸ್ಸು, ಸಂಪಾದನೆ, ಮನೆಯಲ್ಲಿ ನಂಬಿಕೊಂಡವರು ಎಷ್ಟು ಜನ ಅಂತ ನೋಡಿ ಪರಿಹಾರ ನಿಗದಿ ಮಾಡುತ್ತದೆ. ಆ ಹಣ ಪೂರ್ತಿ ಗಾಡಿ ಮಾಲೀಕನ ಕೈಯಿಂದ ಹೋಗಬೇಕು. ಎಷ್ಟೋ ಮಾಲೀಕರಿಗೆ ಅದು ಕೊಡುವ ಶಕ್ತಿ ಇರುವುದಿಲ್ಲ. ಕೊನೆಗೆ ಸತ್ತವನ ಹೆಂಡತಿ ಮಕ್ಕಳಿಗೆ ಕಾಗದದ ಮೇಲಿನ ತೀರ್ಪು ಮಾತ್ರ ಉಳಿಯುತ್ತದೆ.

ಹೋಂಸ್ಟೇಯವರಿಗೆ ಇನ್ನೊಂದು ಮಾತು. ಹದಿನಾರು, ಹದಿನೇಳರ ಹುಡುಗರ ಕೈಗೆ ಕೊಡುತ್ತೀರಲ್ಲ, 199ಎ ಸೆಕ್ಷನ್ ಓದಿಕೊಳ್ಳಿ. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಆದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಅತಿಥಿಯಿಂದ ಸಹಿ ಹಾಕಿಸಿಕೊಂಡ ಒಂದು ಹಾಳೆ ಇದರಿಂದ ನಿಮ್ಮನ್ನು ಕಾಪಾಡುವುದಿಲ್ಲ. ರಸ್ತೆಯಲ್ಲಿ ನಡೆದು ಹೋಗುವವರು ಯಾವ ಹಾಳೆಗೂ ಸಹಿ ಹಾಕಿಲ್ಲ.

ಫೀನಿಕ್ಸ್ ಕನ್ನಡಿಗ

ಅಮೆರಿಕದ ಹೆಸರು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ನಾನಿರುವುದು ಅರಿಜೋನಾದಲ್ಲಿ. ಇಲ್ಲಿ ಎಟಿವಿಗೆ ನಂಬರ್ ಪ್ಲೇಟ್ ಮಾಡಿಸಿ ರಸ್ತೆಯಲ್ಲಿ ಓಡಿಸಬಹುದು ಅನ್ನುವುದು ನಿಜ. ವಿಮೆ, ಲೈಸೆನ್ಸ್, ಹಾರ್ನ್, ಕನ್ನಡಿ, ಬ್ರೇಕ್ ಲೈಟ್ ಬೇಕು. 18 ದಾಟದವರಿಗೆ ಹೆಲ್ಮೆಟ್ ಕಡ್ಡಾಯ. ಯೂಟಾ, ಐಡಹೊ, ಮೊಂಟಾನಾ, ಸೌತ್ ಡಕೋಟಾದಲ್ಲೂ ಹೀಗೇ ದಾರಿ ಇದೆ. ಆದರೆ ಇಡೀ ಅಮೆರಿಕ ಬಿಟ್ಟಿದೆ ಅಂತ ಅಂದುಕೊಳ್ಳಬೇಡಿ. ನ್ಯೂಯಾರ್ಕ್ ನಗರದಲ್ಲಿ ಎಟಿವಿ ರಸ್ತೆಗೆ ಬರುವ ಹಾಗೇ ಇಲ್ಲ. 2022ರ ಜೂನ್‌ನಲ್ಲಿ ಅಲ್ಲಿನ ಮೇಯರ್ ಎರಿಕ್ ಆಡಮ್ಸ್, ಪೊಲೀಸರು ಹಿಡಿದ ಬೈಕು, ಎಟಿವಿಗಳನ್ನು ಸಾಲಾಗಿ ಇಟ್ಟು ಬುಲ್ಡೋಜರ್ ಹತ್ತಿಸಿ ಪುಡಿ ಮಾಡಿಸಿದ್ದರು.

ಬಿಟ್ಟ ಕಡೆ ಜನ ನೆಮ್ಮದಿಯಾಗಿದ್ದಾರಾ ಅಂದರೆ, ಅದೂ ಇಲ್ಲ. ಯೂಟಾದಲ್ಲಿ ಮೋಅಬ್ ಅಂತ ಊರಿದೆ. ಕೆಂಪು ಬಂಡೆಗಳ ನಾಡು, ಸಾಹಸ ಪ್ರವಾಸಕ್ಕೆ ಹೆಸರಾದ ಊರು. ಅಲ್ಲಿನ ಮನೆಯವರು ಮುಖ್ಯರಸ್ತೆಯಲ್ಲಿ ದಿನವಿಡೀ ಈ ಗಾಡಿಗಳ ಸದ್ದು ಕೇಳಿ ವರ್ಷಗಟ್ಟಲೆ ಹೋರಾಡಿದ್ದಾರೆ. 2021ರಲ್ಲಿ ಸದ್ದಿಗೆ ಮಿತಿ ಹಾಕುವ ನಿಯಮ ತಂದರು. ಬಾಡಿಗೆ ಅಂಗಡಿಯವರಿಗೂ ಊರವರಿಗೂ ಜಗಳ ಮುಗಿದಿಲ್ಲ. ನಮ್ಮ ಅರಿಜೋನಾದ ಸೆಡೋನಾದಲ್ಲೂ ಊರ ರಸ್ತೆಯಿಂದ ಇವನ್ನು ದೂರ ಇಡಬೇಕು ಅನ್ನುವ ಚರ್ಚೆ ನಗರಸಭೆಗೇ ಬಂದಿತ್ತು.

ಇನ್ನೊಂದು ಗಮನಿಸಿ. ಇಲ್ಲಿನ ಬಾಡಿಗೆ ಅಂಗಡಿಗಳಲ್ಲಿ ಈಗ ಹೆಚ್ಚಾಗಿ ಸಿಗುವುದು ಕಾರಿನ ಥರ ಸ್ಟಿಯರಿಂಗ್, ಸೀಟ್ ಬೆಲ್ಟ್, ಮೇಲೆ ಕಬ್ಬಿಣದ ಚೌಕಟ್ಟು ಇರುವ ಗಾಡಿ. ಯುಟಿವಿ ಅನ್ನುತ್ತಾರೆ. ಪಲ್ಟಿಯಾದರೆ ಒಳಗಿದ್ದವರು ಚೌಕಟ್ಟಿನೊಳಗೆ ಉಳಿಯುತ್ತಾರೆ. ನೀವು ಮಾತಾಡುತ್ತಿರುವ ಹ್ಯಾಂಡಲ್ ಗಾಡಿಯಲ್ಲಿ ಅಂಥದ್ದು ಏನೂ ಇಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಪಿಟ್ಸ್‌ಬರ್ಗ್ ವೀಣಾ

ನಾನು ಪಕ್ಕದ ವೆಸ್ಟ್ ವರ್ಜೀನಿಯಾದ ಕಥೆ ಸೇರಿಸುತ್ತೇನೆ. ಗಿರಿ ಹೋಂಸ್ಟೇ ಅವರ ಮಾತಿಗೆ ಅದು ತೀರಾ ಹತ್ತಿರ.

ಆ ರಾಜ್ಯದ ದಕ್ಷಿಣ ಭಾಗ ಕಲ್ಲಿದ್ದಲಿನ ಮೇಲೆ ಬದುಕಿದ್ದು. ಗಣಿಗಳು ಒಂದೊಂದಾಗಿ ಮುಚ್ಚಿದವು, ಜನ ಊರು ಬಿಟ್ಟರು. 2000ನೇ ಇಸವಿಯಲ್ಲಿ ಅಲ್ಲಿ ಹ್ಯಾಟ್‌ಫೀಲ್ಡ್-ಮೆಕಾಯ್ ಅನ್ನುವ ಎಟಿವಿ ಹಾದಿಗಳ ಜಾಲ ಶುರುವಾಯಿತು. ಗುಡ್ಡಗಳ ಮೇಲೆ ನೂರಾರು ಮೈಲಿ ದಾರಿ. ಹಾದಿಯ ಪಕ್ಕದ ಸಣ್ಣ ಊರುಗಳು ಎಟಿವಿಯನ್ನು ಬೀದಿಯೊಳಗೆ ಬಿಟ್ಟುಕೊಂಡವು. ಸವಾರರು ಗಾಡಿಯಲ್ಲೇ ಹೋಟೆಲಿಗೆ, ಪೆಟ್ರೋಲ್ ಬಂಕಿಗೆ ಬರುತ್ತಾರೆ. ಮುಚ್ಚಿದ್ದ ಮನೆಗಳು ವಸತಿಗೃಹಗಳಾದವು. ಈ ಲಾಭ ಸುಳ್ಳಲ್ಲ, ನಾನೇ ಅಲ್ಲಿ ಉಳಿದುಕೊಂಡು ನೋಡಿದ್ದೇನೆ. ಆ ರಾಜ್ಯದಲ್ಲಿ ನಡುಗೆರೆ ಇಲ್ಲದ ರಸ್ತೆಗಳಲ್ಲಿ ಎಟಿವಿ ಓಡಿಸಲು ಕಾನೂನೇ ಬಿಟ್ಟಿದೆ.

ಅದೇ ರಾಜ್ಯದ ಹೆಸರು ಎಟಿವಿ ಸಾವಿನ ಪ್ರಮಾಣದಲ್ಲೂ ದೇಶದಲ್ಲಿ ಮೇಲಿನ ಸಾಲಿನಲ್ಲಿ ಇದೆ. ನನಗೆ ಮನಸ್ಸಿಗೆ ಹತ್ತಿದ ವಿಷಯ ಏನೆಂದರೆ, ಈ ಗಾಡಿ ಮಾಡಿದ್ದೇ ರಸ್ತೆ ಇಲ್ಲದ ಜಾಗಕ್ಕೆ. ಆದರೂ ಅಮೆರಿಕದಲ್ಲಿ ಎಟಿವಿ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆಗುವುದು ರಸ್ತೆಗಳ ಮೇಲೆ. ಅದರಲ್ಲೂ ಬೇರೆ ಗಾಡಿಗೆ ಗುದ್ದಿ ಸತ್ತವರಿಗಿಂತ ತಾವೇ ಪಲ್ಟಿಯಾಗಿ ಸತ್ತವರು ಹೆಚ್ಚು. ಸತ್ತವರಲ್ಲಿ ಬಹುಪಾಲು ಜನ ಹೆಲ್ಮೆಟ್ ಹಾಕಿರುವುದಿಲ್ಲ. ಹಾಸನ ಗ್ಯಾರೇಜ್ ಅವರು ಆಕ್ಸಲ್ ಬಗ್ಗೆ ಬರೆದಿದ್ದನ್ನು ಈ ಲೆಕ್ಕದ ಪಕ್ಕ ಇಟ್ಟು ಓದಿ.

ಅಲ್ಲಿ ಕೆಲಸ ಮಾಡಿದ್ದು ಹಾದಿ. ಗುಡ್ಡದ ಮೇಲೆ ಎಟಿವಿಗೆಂದೇ ದಾರಿ ಮಾಡಿ, ನಕ್ಷೆ ಮಾಡಿ, ಪಾಸ್ ಮಾರಿ, ಹೆಲ್ಮೆಟ್ ಕಡ್ಡಾಯ ಮಾಡಿ ನಡೆಸಿದರು. ನಮ್ಮಲ್ಲಿ ಆ ಖರ್ಚು ಯಾರೂ ಮಾಡುವುದಿಲ್ಲ. ಸೀದಾ ಪಂಚಾಯಿತಿ ರಸ್ತೆಯನ್ನೇ ಹಾದಿ ಮಾಡಿಕೊಳ್ಳುತ್ತಾರೆ.

ಜೀಪು ಚಾಲಕ, ಮಡಿಕೇರಿ

ನಾವು ಮಾಂದಲ್‌ಪಟ್ಟಿ ಕಡೆ ಜೀಪು ಓಡಿಸುವವರು. ನಮ್ಮದು ಹಳದಿ ಬೋರ್ಡು. ಪರ್ಮಿಟ್, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ), ಇನ್ಶೂರೆನ್ಸ್, ಟ್ಯಾಕ್ಸ್ ಎಲ್ಲ ಕಟ್ಟುತ್ತೇವೆ. ಒಂದು ಕಾಗದ ತಪ್ಪಿದರೂ ಗಾಡಿ ಸ್ಟೇಷನ್ನಿನಲ್ಲಿ. ನಮ್ಮ ಮೇಲೂ ಜನರಿಗೆ ದೂರು ಇದೆ, ವೇಗ ಜಾಸ್ತಿ, ಜನ ತುಂಬುತ್ತಾರೆ ಅಂತ. ಸರಿ, ಕೇಳಲಿ. ಕೇಳುವುದಕ್ಕೆ ನಮಗೊಂದು ನಂಬರ್ ಇದೆ.

ಎಟಿವಿಗೆ ನಂಬರೇ ಇಲ್ಲ. ಗುದ್ದಿ ಹೋದರೆ ಯಾವ ಗಾಡಿ ಅಂತ ಬರೆಸುವುದು? ಹಸಿರು ಬಣ್ಣದ್ದು ಅಂತಾನಾ? ಒಂದೇ ರಸ್ತೆ, ಒಂದೇ ಪ್ರವಾಸಿಗ. ನಮಗೆ ಒಂದು ಕಾನೂನು, ಅವರಿಗೆ ಇನ್ನೊಂದು. ಇದು ಅನ್ಯಾಯ.

ಗಿರಿ ಹೋಂಸ್ಟೇ

ಅಣ್ಣ, ನೀವು ಹೇಳಿದ್ದನ್ನೇ ನಾನೂ ಹೇಳುತ್ತಿರುವುದು. ನಮಗೂ ನಂಬರ್ ಕೊಡಿ ಅಂತ. ನಂಬರ್ ಮಾಡಿಸಲು ದಾರಿಯೇ ಇಲ್ಲ. ಆರ್‌ಟಿಒ ಕಚೇರಿಗೆ ಹೋದರೆ ಈ ಗಾಡಿಗೆ ವರ್ಗವೇ ಇಲ್ಲ ಅಂದರು. ದಾರಿ ಮುಚ್ಚಿಟ್ಟು ಕಳ್ಳರು ಅಂದರೆ ಹೇಗೆ?

ಸಕಲೇಶಪುರ ವಕೀಲೆ

ವರ್ಗ ಇಲ್ಲ ಅನ್ನುವುದು ಅರ್ಧ ಸತ್ಯ. ಯಾವ ಗಾಡಿಯೇ ಆಗಲಿ ಮಾರುವ ಮೊದಲು ಕಂಪನಿಯವರು ಅದರ ಮಾದರಿಯನ್ನು ಪುಣೆಯ ಎಆರ್‌ಎಐ, ಮಾನೇಸರ್‌ನ ಐಕ್ಯಾಟ್ ಥರದ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಒಪ್ಪಿಗೆ ತರಬೇಕು. ಬ್ರೇಕು, ದೀಪ, ಹೊಗೆ ಎಲ್ಲ ನೋಡುತ್ತಾರೆ. ಆ ಒಪ್ಪಿಗೆ ಇದ್ದರೆ ಆರ್‌ಟಿಒ ನೋಂದಣಿ ಮಾಡುತ್ತದೆ. ಹೊರದೇಶದಿಂದ ತಂದು ಜೋಡಿಸಿದ ಗಾಡಿಗಳಿಗೆ ಆ ಒಪ್ಪಿಗೆ ಇಲ್ಲ. ಅದಕ್ಕೇ ಬಾಗಿಲು ಮುಚ್ಚಿದೆ.

ಬಾಗಿಲು ತೆರೆದುಕೊಂಡು ಹೋದವರೂ ಇದ್ದಾರೆ. ಬಜಾಜ್ ಕಂಪನಿಯ ಕ್ಯೂಟ್ ನೆನಪಿದೆಯಾ? 2012ರಲ್ಲಿ ತೋರಿಸಿದ ನಾಲ್ಕು ಚಕ್ರದ ಸಣ್ಣ ಗಾಡಿ. ಕಾರೂ ಅಲ್ಲ, ಆಟೋನೂ ಅಲ್ಲ. ಅದಕ್ಕಾಗಿ ಕ್ವಾಡ್ರಿಸೈಕಲ್ ಅನ್ನುವ ಹೊಸ ವರ್ಗವೇ ಬಂತು, ಕೋರ್ಟು ಕಚೇರಿ ಎಲ್ಲ ಆಗಿ ಖಾಸಗಿ ಬಳಕೆಗೂ ಒಪ್ಪಿಗೆ ಸಿಕ್ಕಿದ್ದು 2018ರ ನವೆಂಬರಿನಲ್ಲಿ. ಪೊಲಾರಿಸ್ ಕಂಪನಿ ಇನ್ನೊಂದು ದಾರಿ ಹಿಡಿಯಿತು. ತನ್ನ ಸ್ಪೋರ್ಟ್ಸ್‌ಮನ್ 570 ಎಟಿವಿಯ ಒಂದು ಮಾದರಿಗೆ ಕೃಷಿ ಟ್ರ್ಯಾಕ್ಟರ್ ವರ್ಗದಲ್ಲೇ ಒಪ್ಪಿಗೆ ಪಡೆದು ಇಲ್ಲಿ ಮಾರಾಟಕ್ಕೆ ತಂದಿತು. ಆಗ ಬೆಲೆ ಎಂಟು ಲಕ್ಷದ ಹತ್ತಿರ ಇತ್ತು.

ಅಂದರೆ ಬೆಳೆಗಾರರೇ, ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಟ್ರ್ಯಾಕ್ಟರ್ ಅಂತ ಒಪ್ಪಿಗೆ ಪಡೆದ ಗಾಡಿ ಕೊಂಡು, ನೋಂದಣಿ ಮಾಡಿಸಿ, ವಿಮೆ ಕಟ್ಟಿ, ಲೈಸೆನ್ಸ್ ಇದ್ದವರು ಓಡಿಸಿದರೆ ರಸ್ತೆ ದಾಟುವುದನ್ನು ಯಾರೂ ತಡೆಯುವ ಹಾಗಿಲ್ಲ. ಪಂಚಾಯಿತಿ ನಿರ್ಣಯ ಮಾಡಿ ಕಾನೂನುಬಾಹಿರ ಗಾಡಿಯನ್ನು ಸಕ್ರಮ ಮಾಡಲೂ ಆಗುವುದಿಲ್ಲ, ಸಕ್ರಮ ಗಾಡಿಯನ್ನು ರಸ್ತೆಯಿಂದ ಓಡಿಸಲೂ ಆಗುವುದಿಲ್ಲ. ಒಂದು ರಸ್ತೆಯಲ್ಲಿ ಇಂಥ ಗಾಡಿ ಬೇಡ ಅನ್ನುವ ಅಧಿಕಾರ 115ನೇ ಸೆಕ್ಷನ್ ಅಡಿ ಸರ್ಕಾರಕ್ಕೆ ಇದೆ. ಗುಡ್ಡ ಕುಸಿದ ಮೇಲೆ ಚಾರ್ಮಾಡಿ ಘಾಟಿಯಲ್ಲಿ ಭಾರಿ ವಾಹನ ನಿಲ್ಲಿಸಿದ್ದು ಜಿಲ್ಲಾಡಳಿತದ ಆದೇಶದಿಂದ.

ಮೂಡಿಗೆರೆ ಬೆಳೆಗಾರ

ಮೇಡಂ, ತುಂಬಾ ಉಪಕಾರ. ಆದರೆ ಎಂಟು ಲಕ್ಷ ದೊಡ್ಡ ಎಸ್ಟೇಟಿನವರಿಗೆ ಸರಿ. ಐದಾರು ಎಕರೆಯವರು ಏನು ಮಾಡಬೇಕು? ಆ ಹಣಕ್ಕೆ ಹಳೇ ಪಿಕಪ್ ಒಂದು, ಟಿಲ್ಲರ್ ಒಂದು ಬರುತ್ತದೆ. ಇಲ್ಲಿ ಕೃಷಿ ಇಲಾಖೆ, ಕಾಫಿ ಮಂಡಳಿ ಮುಂದೆ ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಟಿಲ್ಲರ್‌ಗೆ, ಮರ ಕಪಾತು ಮಾಡುವ ಯಂತ್ರಕ್ಕೆ ಸಬ್ಸಿಡಿ ಇದೆ. ಒಪ್ಪಿಗೆ ಪಡೆದ ಸಣ್ಣ ಎಟಿವಿಗೂ ಕೊಟ್ಟರೆ ಇಲ್ಲಿನ ಕಂಪನಿಗಳೇ ಅಗ್ಗದ ಮಾದರಿ ಮಾಡುತ್ತವೆ. ಬೇಡಿಕೆ ಇದೆ ಅಂತ ಗೊತ್ತಾಗದೆ ಯಾರೂ ಪರೀಕ್ಷೆಗೆ ದುಡ್ಡು ಹಾಕುವುದಿಲ್ಲ.

ಕಳಸ ಟೀಚರ್

ಎಲ್ಲರೂ ಗಾಡಿಯ ಮೇಲೆ ಕೂತವರ ಬಗ್ಗೆ ಬರೆಯುತ್ತಿದ್ದೀರಿ. ನಮ್ಮ ಮಕ್ಕಳು ಆ ರಸ್ತೆಯಲ್ಲಿ ನಡೆದು ಶಾಲೆಗೆ ಬರುತ್ತಾರೆ. ತೋಟದಾಳುಗಳ ಲೈನ್ ಮನೆಗಳ ಮಕ್ಕಳು, ದೂರದ ಹಾಡಿಯ ಮಕ್ಕಳು. ಫುಟ್‌ಪಾತ್ ಇಲ್ಲ. ಒಂದು ಕಡೆ ಎತ್ತರದ ಮಣ್ಣಿನ ಧರೆ, ಇನ್ನೊಂದು ಕಡೆ ಚರಂಡಿ. ಮಳೆಗಾಲದಲ್ಲಿ ಕೊಡೆ ಹಿಡಿದು ತಲೆ ತಗ್ಗಿಸಿ ನಡೆಯುತ್ತಾರೆ, ಮಳೆಯ ಸದ್ದಿನಲ್ಲಿ ಹಿಂದಿನಿಂದ ಬರುವ ಗಾಡಿ ಕೇಳಿಸುವುದಿಲ್ಲ. ಬಸ್ಸು, ಪಿಕಪ್ ಬಂದರೆ ಚಾಲಕರಿಗೆ ದಾರಿ ಗೊತ್ತು, ಯಾವ ತಿರುವಿನಲ್ಲಿ ಮಕ್ಕಳು ಇರುತ್ತಾರೆ ಅಂತಲೂ ಗೊತ್ತು. ಎಟಿವಿಯ ಮೇಲೆ ಬರುವವರಿಗೆ ದಾರಿಯೂ ಗೊತ್ತಿಲ್ಲ, ಗಾಡಿಯೂ ಗೊತ್ತಿಲ್ಲ.

ಶನಿವಾರ ನಮಗೆ ಬೆಳಗಿನ ಶಾಲೆ. ಮಕ್ಕಳು ಮನೆಗೆ ಹೊರಡುವ ಹೊತ್ತಿಗೇ ಪ್ರವಾಸಿಗರು ಚೆಕ್ ಇನ್ ಆಗಿ ಗಾಡಿ ಹತ್ತುವುದು. ಹೋಂಸ್ಟೇಯವರ ಮೇಲೆ ನನಗೆ ದ್ವೇಷ ಇಲ್ಲ. ನಮ್ಮ ಹಳೇ ವಿದ್ಯಾರ್ಥಿಗಳೇ ಅಲ್ಲಿ ಕೆಲಸಕ್ಕಿದ್ದಾರೆ. ಆದರೆ ದುಡಿಮೆ ನಿಮ್ಮದು, ಅಪಾಯ ನಮ್ಮ ಮಕ್ಕಳದ್ದು ಅಂದರೆ ಒಪ್ಪುವುದು ಹೇಗೆ?

ಆಲೂರಿನವ

ಟೀಚರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಕಡೆ, ಸಕಲೇಶಪುರ ಆಲೂರು ಭಾಗದಲ್ಲಿ, ಆನೆ ರಸ್ತೆ ಮೇಲೇ ಇರುತ್ತದೆ. ಅರಣ್ಯ ಇಲಾಖೆಯವರು ಆನೆ ಎಲ್ಲಿದೆ ಅಂತ ಮೆಸೇಜ್ ಕಳಿಸುತ್ತಾರೆ. ನಾವು ನೋಡಿಕೊಂಡು ಹೊರಡುತ್ತೇವೆ. ಪ್ರವಾಸಿಗರಿಗೆ ಆ ಮೆಸೇಜ್ ಹೋಗುತ್ತದಾ? ಮುಂಜಾನೆ ಸೂರ್ಯೋದಯ ತೋರಿಸಲು ಮೈ ಮುಚ್ಚದ ಗಾಡಿಯಲ್ಲಿ ಸದ್ದು ಮಾಡುತ್ತಾ ಕರೆದುಕೊಂಡು ಹೋಗುವುದು ಯಾರ ಬುದ್ಧಿ? ಜೀಪಿನಲ್ಲಾದರೆ ರಿವರ್ಸ್ ಹಾಕಿ ಓಡಬಹುದು. ಹೊಸಬ ಎಟಿವಿಯಲ್ಲಿ ಗಾಬರಿಯಾದರೆ ಚರಂಡಿಗೇ ಹೋಗುವುದು.

ಹಾಸನ ಗ್ಯಾರೇಜ್

ನಾನು ಬೆಳೆಗಾರರನ್ನೂ ಬಿಡುವುದಿಲ್ಲ. ಟ್ರ್ಯಾಕ್ಟರ್ ಅಂತ ನೋಂದಣಿ ಆದ ಕೂಡಲೇ ಗಾಡಿ ಸುರಕ್ಷಿತ ಅಂತಲ್ಲ. ಹಿಂದಿನ ರ್‍ಯಾಕಿನ ಮೇಲೆ ಎರಡು ಗೊಬ್ಬರದ ಚೀಲ ಹಾಕಿದರೆ ಏರಿನಲ್ಲಿ ಮುಂದಿನ ಚಕ್ರ ಮೇಲೇಳುತ್ತದೆ. ಭಾರ ಜಾಸ್ತಿ ಇದ್ದರೆ ಸಣ್ಣ ಟ್ರೈಲರ್ ಕಟ್ಟಿ, ಗಾಡಿ ಮೇಲೆ ಹೇರಬೇಡಿ. ಹಿಂದೆ ಇನ್ನೊಬ್ಬರನ್ನು ಕೂರಿಸಬೇಡಿ. ಒಬ್ಬರಿಗೆ ಮಾಡಿದ ಸೀಟು ಉದ್ದ ಇರುವುದು ಓಡಿಸುವವರು ಹಿಂದೆ ಮುಂದೆ ಜರುಗಲಿ ಅಂತ.

ವಿಕ್ಟೋರಿಯಾ ರೈತ

ಆಸ್ಟ್ರೇಲಿಯಾದಲ್ಲಿ ಹಾಲಿನ ಫಾರಂ ಒಂದರಲ್ಲಿ ಕೆಲಸ ಮಾಡುತ್ತೇನೆ. ಊರು ತೀರ್ಥಹಳ್ಳಿ ಕಡೆ. ಇಲ್ಲಿ ರೈತರಿಗೆ ಎಟಿವಿ ಕೈಕಾಲು ಇದ್ದ ಹಾಗೆ, ದನ ಕೂಡಿಸುವುದು, ಬೇಲಿ ನೋಡುವುದು ಎಲ್ಲ ಅದರಲ್ಲೇ. ಫಾರಂನ ಎರಡು ಭಾಗಗಳ ನಡುವೆ ರಸ್ತೆ ದಾಟಲು ಷರತ್ತಿನ ನೋಂದಣಿ ಅಂತ ಸಿಗುತ್ತದೆ. ಪೂರ್ತಿ ರಸ್ತೆ ಗಾಡಿ ಅಲ್ಲ, ಕೆಲಸಕ್ಕೆ ಬೇಕಾದಷ್ಟೇ ಅವಕಾಶ. ಮೂಡಿಗೆರೆಯವರು ಕೇಳುತ್ತಿರುವುದು ಇದನ್ನೇ ಅಲ್ವಾ?

ಆದರೆ ಇಲ್ಲಿಯ ಸರ್ಕಾರ ಅದರ ಜೊತೆಗೇ ಇನ್ನೊಂದು ಮಾಡಿತು. ಪ್ರತಿ ವರ್ಷ ರೈತರು ಗಾಡಿಯಡಿ ಸಿಕ್ಕಿ ಸಾಯುತ್ತಿದ್ದರು. ಎಷ್ಟೋ ಜನ ಪಲ್ಟಿಯಾದ ಗಾಡಿ ಎದೆ ಮೇಲೆ ಬಿದ್ದು ಉಸಿರುಗಟ್ಟಿ ಸತ್ತವರು, ಅದೂ ತಮ್ಮದೇ ಹೊಲದಲ್ಲಿ, ಯಾರೂ ಹತ್ತಿರ ಇಲ್ಲದಾಗ. 2021ರ ಅಕ್ಟೋಬರ್ 11ರಿಂದ ಹೊಸದಾಗಿ ಮಾರುವ ಫಾರಂ ಎಟಿವಿಗಳಿಗೆ ಹಿಂದುಗಡೆ ಕಮಾನಿನ ಥರದ ರಕ್ಷಣೆ ಕಡ್ಡಾಯ. ಗಾಡಿ ಮಗುಚಿದರೂ ಆಳಿಗೂ ಗಾಡಿಗೂ ನಡುವೆ ಜಾಗ ಉಳಿಯುತ್ತದೆ. ಹೋಂಡಾ, ಯಮಹಾ ಕಂಪನಿಗಳು ಇದನ್ನು ಒಪ್ಪದೆ ಈ ದೇಶದಲ್ಲಿ ಎಟಿವಿ ಮಾರುವುದನ್ನೇ ನಿಲ್ಲಿಸಿದವು. ಸರ್ಕಾರ ಹಿಂದೆ ಸರಿಯಲಿಲ್ಲ. ರೈತರು ಬೇರೆ ಕಂಪನಿಯ ಗಾಡಿ ಕೊಂಡರು.

ನಮ್ಮ ಕಡೆ ಇಳಿಜಾರು ಇಲ್ಲಿಗಿಂತ ಜಾಸ್ತಿ. ಆ ಕಮಾನು ಮಲೆನಾಡಿಗೆ ಮೊದಲು ಬೇಕು.

ಗಿರಿ ಹೋಂಸ್ಟೇ

ಎಲ್ಲ ಓದಿದೆ. ಆಕ್ಸಲ್ ವಿಷಯಕ್ಕೆ, ಟೀಚರ್ ಮಾತಿಗೆ ನನ್ನ ಬಳಿ ಎದುರುತ್ತರ ಇಲ್ಲ. ಆದರೆ ಒಂದು ಕೇಳುತ್ತೇನೆ. ವೀಣಾ ಅವರು ಹೇಳಿದ ಹಾದಿಯ ಥರ ನಾವು ಐದಾರು ಹೋಂಸ್ಟೇಯವರು ಸೇರಿ, ನಮ್ಮ ತೋಟಗಳ ಒಳಗೇ ಒಂದಕ್ಕೊಂದು ಸೇರುವ ದಾರಿ ಮಾಡಿದರೆ? ಎರಡು ಕಡೆ ಮಾತ್ರ ಪಂಚಾಯಿತಿ ರಸ್ತೆ ಅಡ್ಡ ಬರುತ್ತದೆ. ಅಲ್ಲಿ ಗಾಡಿಯಿಂದ ಇಳಿಸಿ, ನಮ್ಮ ಹುಡುಗರೇ ತಳ್ಳಿಕೊಂಡು ದಾಟಿಸಬಹುದಾ? ಇಂಜಿನ್ ಆಫ್ ಮಾಡಿ?

ಸಕಲೇಶಪುರ ವಕೀಲೆ

ಒಳ್ಳೆಯ ಯೋಚನೆ, ಮುಂದುವರಿಯಿರಿ. ಇಂಜಿನ್ ಆಫ್ ಮಾಡಿ ತಳ್ಳಿದರೆ ಕಾನೂನಿನ ಕಣ್ಣಿನಲ್ಲಿ ಅಪಾಯ ಬಹಳ ಕಡಿಮೆ. ಆದರೂ ಪಂಚಾಯಿತಿಗೆ ಲಿಖಿತವಾಗಿ ತಿಳಿಸಿ, ಆ ಎರಡು ಜಾಗ ತಿರುವಿನಲ್ಲಿ ಇರದ ಹಾಗೆ ನೋಡಿ. ಅರಣ್ಯದ ಅಂಚು, ಗೋಮಾಳ ಎಲ್ಲೂ ಮುಟ್ಟಬೇಡಿ. ಅಲ್ಲಿಗೆ ಹೋದರೆ ಬೇರೆಯೇ ಕಾಯ್ದೆಗಳು ಎದುರಾಗುತ್ತವೆ.

ಕಳಸ ಟೀಚರ್

ತೋಟದೊಳಗೆ ದಾರಿ ಮಾಡುವುದಾದರೆ ಊರವರನ್ನು ಒಪ್ಪಿಸಲು ನಾನೂ ಬರುತ್ತೇನೆ. ಒಂದೇ ಷರತ್ತು. ಅತಿಥಿ ಎಷ್ಟೇ ಒತ್ತಾಯ ಮಾಡಿದರೂ, ಎಷ್ಟು ದುಡ್ಡು ಕೊಟ್ಟರೂ, ರಸ್ತೆಗೆ ಬಿಡಬಾರದು. ಒಬ್ಬರು ಬಿಟ್ಟರೆ ಆರೂ ಜನರ ದಾರಿ ಮುಚ್ಚಬೇಕು.

ಮೂಡಿಗೆರೆ ಬೆಳೆಗಾರ

ನಾನು ಮುಂದಿನ ಸಭೆಗೆ ಎರಡು ಬೇರೆ ಬೇರೆ ಅರ್ಜಿ ಬರೆಯುತ್ತಿದ್ದೇನೆ. ಒಂದು, ಬಾಡಿಗೆಗೆ ಕೊಡುವ ಎಟಿವಿಯನ್ನು ನಮ್ಮ ಊರ ಯಾವ ರಸ್ತೆಗೂ ಬಿಡಬಾರದು ಅಂತ ಜಿಲ್ಲಾಧಿಕಾರಿಗೆ. ಇನ್ನೊಂದು, ಕೃಷಿ ಎಟಿವಿಗೆ ಆಸ್ಟ್ರೇಲಿಯಾದ ಥರ ಷರತ್ತಿನ ನೋಂದಣಿ ಬೇಕು, ಕಮಾನು ಕಡ್ಡಾಯ ಇರಬೇಕು, ಸಬ್ಸಿಡಿ ಕೊಡಬೇಕು ಅಂತ ಸಾರಿಗೆ ಇಲಾಖೆಗೂ ಕಾಫಿ ಮಂಡಳಿಗೂ. ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿದರೆ ಎರಡೂ ಹಾಳಾಗುತ್ತದೆ. ಅಲ್ಲಿಯವರೆಗೆ ನಮ್ಮ ಗಾಡಿ ಗೇಟಿನೊಳಗೇ ಇರುತ್ತದೆ, ಆ ಕಡೆ ತುಂಡಿಗೆ ಪಿಕಪ್ಪಿನಲ್ಲಿ ಗೊಬ್ಬರ ಹೊಡೆಸುತ್ತೇನೆ.

ವಿಕ್ಟೋರಿಯಾದವರೇ, ಆ ಷರತ್ತಿನ ನೋಂದಣಿಯ ನಮೂನೆ, ನಿಯಮ ಇದ್ದರೆ ಇಲ್ಲೇ ಹಾಕಿ. ವಕೀಲರು ಕನ್ನಡದಲ್ಲಿ ಒಂದು ಕರಡು ಮಾಡಿಕೊಟ್ಟರೆ ಕೊಪ್ಪ, ಶೃಂಗೇರಿ, ಸೋಮವಾರಪೇಟೆ ಕಡೆಯ ಬೆಳೆಗಾರರ ಸಂಘಗಳಿಗೂ ಕಳಿಸುತ್ತೇನೆ.

ವಿಕ್ಟೋರಿಯಾ ರೈತ

ಈ ವಾರವೇ ಹಾಕುತ್ತೇನೆ. ನಮ್ಮ ಮಾಲೀಕರ ಗಾಡಿಯ ಕಮಾನಿನ ಫೋಟೋ, ಅಳತೆ ಸಮೇತ. ಹಾಸನ ಗ್ಯಾರೇಜ್ ಅವರು ನೋ‌ಡಿ ಹೇಳಲಿ, ಹಳೇ ಗಾಡಿಗೂ ಕೂರಿಸಬಹುದಾ ಅಂತ.